ಬಾಡಿಗೆ ಮನೆಯಲ್ಲಿ ವಿದ್ಯುತ್ ಮತ್ತು ನೀರಿನ ಖರ್ಚು ಇಳಿಸುವುದು ಹೇಗೆ?

ಪ್ರಶ್ನೆ
ಬೆಂಗಳೂರಿನ ಬಾಡಿಗೆ ಮನೆಯೊಂದರಲ್ಲಿ ನಾವು ನಾಲ್ವರು ವಾಸವಾಗಿದ್ದೇವೆ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಸೌಲಭ್ಯ ನಮಗೂ ಇದೆ. ಆದರೆ ಬೇಸಿಗೆಯಲ್ಲಿ ಬಳಕೆ 200 ಯೂನಿಟ್ ದಾಟಿಬಿಡುವುದರಿಂದ ಆ ತಿಂಗಳ ಬಿಲ್ಲನ್ನು ಪೂರ್ತಿಯಾಗಿ ನಾವೇ ಕಟ್ಟಬೇಕಾಗುತ್ತದೆ. ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್ ನೀರಿನ ಪಾಲು ಬೇರೆ. ಗೋಡೆ ಒಡೆಯುವಂತಿಲ್ಲ, ಚಾವಣಿಯ ಮೇಲೆ ಸೋಲಾರ್ ಹಾಕಿಸುವಂತಿಲ್ಲ. ಖರ್ಚೂ ಇಳಿಯಬೇಕು, ಪರಿಸರಕ್ಕೂ ಒಳಿತಾಗಬೇಕು ಎನ್ನುವವರು ಮೊದಲು ಯಾವುದಕ್ಕೆ ಕೈ ಹಾಕಬೇಕು? ‘ಪರಿಸರಸ್ನೇಹಿ’ ಎಂದು ಮಾರುವ ಡಬ್ಬಿ, ಬ್ರಷ್ಷುಗಳ ಬೆಲೆ ನೋಡಿದರೆ ಇದೆಲ್ಲ ಉಳ್ಳವರಿಗೆ ಮಾತ್ರವೇನೋ ಎನಿಸುತ್ತದೆ.

ಉತ್ತರ 1
ನಿಮ್ಮ ಮಟ್ಟಿಗೆ ಆ 200ರ ಗಡಿಯೇ ಮುಖ್ಯ. ಗಡಿಯೊಳಗಿದ್ದರೆ ನಿಮಗೆ ನಿಗದಿಯಾದ ಉಚಿತ ಯೂನಿಟ್‌ಗಳನ್ನು ಮೀರಿದ ಬಳಕೆಗಷ್ಟೇ ಹಣ ಕಟ್ಟುತ್ತೀರಿ. ದಾಟಿದರೆ ಎಲ್ಲಕ್ಕೂ ಕಟ್ಟುತ್ತೀರಿ. ಹೀಗಾಗಿ 205 ಮತ್ತು 195 ಯೂನಿಟ್‌ಗಳ ನಡುವಿನ ಅಂತರ ಬಿಲ್ಲಿನಲ್ಲಿ ಸಾವಿರ ರೂಪಾಯಿಯನ್ನೂ ಮೀರಬಹುದು. ಹಳೆಯ ಮಾದರಿಯ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ, ಕಡಿಮೆ ವಿದ್ಯುತ್ ಬಳಸುವ ಮೋಟಾರಿರುವ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು. ದಿನಕ್ಕೆ 12 ಗಂಟೆ ತಿರುಗುವ ಒಂದು ಫ್ಯಾನನ್ನು ಬದಲಿಸಿದರೆ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಆದ್ದರಿಂದ ಮನೆಯ ಎಲ್ಲ ಫ್ಯಾನುಗಳನ್ನೂ ಬದಲಿಸಬೇಡಿ, ರಾತ್ರಿಯಿಡೀ ಓಡುವುದನ್ನು ಮಾತ್ರ ಬದಲಿಸಿ. ಹಳೆಯದನ್ನು ಅಟ್ಟದ ಮೇಲಿಟ್ಟರೆ ಮನೆ ಬಿಡುವಾಗ ಅದನ್ನೇ ತೂಗುಹಾಕಿ ಹೊಸದನ್ನು ಕೊಂಡೊಯ್ಯಬಹುದು.

ಗೀಸರಿನ ವಿಷಯವೂ ಸಣ್ಣದಲ್ಲ. 2000 ವ್ಯಾಟ್‌ನ ಗೀಸರು ಅರ್ಧ ಗಂಟೆ ಕಾದರೆ ಒಂದು ಯೂನಿಟ್ ಖರ್ಚಾಗುತ್ತದೆ. ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ ಸ್ವಿಚ್ಚು ಆರಿಸಿದರೆ, ಕಾದ ನೀರು ತಣಿದು ಮತ್ತೆ ಕಾಯುವ ನಷ್ಟ ತಪ್ಪುತ್ತದೆ.

ಉತ್ತರ 2
ನೀರಿಗೆ ಸಂಬಂಧಿಸಿದಂತೆ ಹೇಳುವುದಾದರೆ, ನಲ್ಲಿಯ ಬಾಯಿಗೆ ತಿರುಗಿಸಿ ಹಾಕುವ ಏರೇಟರಿಗಿಂತ ಅಗ್ಗದ ಸಾಧನ ನನಗೆ ತಿಳಿದಿಲ್ಲ. ಅದು ನೀರಿಗೆ ಗಾಳಿ ಬೆರೆಸುವುದರಿಂದ ಪಾತ್ರೆ ತೊಳೆಯುವ ಕೆಲಸ ಕೆಡದೆ ಹರಿವು ಕಡಿಮೆಯಾಗುತ್ತದೆ. 2024ರ ಬೇಸಿಗೆಯ ಅಭಾವದಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟುಗಳಿಗೂ ವಾಣಿಜ್ಯ ಕಟ್ಟಡಗಳಿಗೂ ಇದನ್ನು ಕಡ್ಡಾಯ ಮಾಡಿತು. ಕುಡಿಯುವ ನೀರನ್ನು ಶುದ್ಧಗೊಳಿಸುವ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದರೆ ನೆಲ ಒರೆಸಲು, ಬಚ್ಚಲು ತೊಳೆಯಲು ಸಾಕಾಗುತ್ತದೆ. ಗಿಡಗಳಿಗೆ ಮಾತ್ರ ಹಾಕಬೇಡಿ, ಅದರಲ್ಲಿ ಲವಣಾಂಶ ಹೆಚ್ಚು.

ಮನೆಯ ಮಾಲೀಕರೊಡನೆ ಮಳೆನೀರಿನ ಮಾತೆತ್ತುವುದನ್ನು ದಯವಿಟ್ಟು ಬಿಡಬೇಡಿ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಮಳೆ ಹೆಚ್ಚುಕಡಿಮೆ 970 ಮಿಲಿಮೀಟರ್. 1200 ಚದರ ಅಡಿಯ ಚಾವಣಿಯ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರ್ ಸುರಿಯುತ್ತದೆ. ಅದರಲ್ಲಿ ಕಾಲುಭಾಗ ಕೈತಪ್ಪಿದರೂ 6000 ಲೀಟರಿನ 12 ಟ್ಯಾಂಕರುಗಳಷ್ಟು ನೀರಾಯಿತು. ಈ ಲೆಕ್ಕವನ್ನು ಅವರೆದುರು ಕಾಗದದ ಮೇಲೆ ಬರೆದು ತೋರಿಸಿ.

ಉತ್ತರ 3
ಹೊಸ ಡಬ್ಬಿಗಳನ್ನು ಕೊಳ್ಳಲೇಬೇಡಿ. ಖಾಲಿಯಾದ ಉಪ್ಪಿನಕಾಯಿ ಬಾಟಲಿಗೆ ಸಾಸಿವೆ, ಮೆಂತ್ಯ ತುಂಬಿಡುವುದರಲ್ಲಿ ಕೊರತೆಯೇನೂ ಇಲ್ಲ. ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಅನ್ನದೊಡನೆ ಒಂದೇ ಕುಕ್ಕರಿನಲ್ಲಿ ಪಾತ್ರೆಯ ಮೇಲೆ ಪಾತ್ರೆಯಿಟ್ಟು ಬೇಯಿಸಿ, ಮೊದಲ ಕೂಗಿನ ನಂತರ ಉರಿ ಸಣ್ಣಗೆ ಮಾಡಿದರೆ ಸಿಲಿಂಡರು ಹೆಚ್ಚು ದಿನ ಬರುತ್ತದೆ. ತರಕಾರಿ ಸಿಪ್ಪೆಯನ್ನು ಗೊಬ್ಬರ ಮಾಡಲು ತೂತಿರುವ ಮಣ್ಣಿನ ಮಡಕೆ ಸಾಕು. ಹಸಿ ಕಸದ ಪ್ರತಿ ಪದರದ ಮೇಲೂ ಒಣ ತರಗೆಲೆ ಹರಡಿ, ಆಗಾಗ ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿ. ವಾಸನೆ ಬಂತೆಂದರೆ ತೇವ ಹೆಚ್ಚಾಗಿದೆ ಎಂದರ್ಥ, ಇನ್ನಷ್ಟು ಎಲೆ ಹಾಕಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ನಮ್ಮದು ಮೇಲಿನ ಮಹಡಿಯಾದ್ದರಿಂದ ನೀರಿನ ರಭಸ ಕಡಿಮೆ. ಅಲ್ಲಿಯೂ ಏರೇಟರ್ ಹಾಕಬಹುದೇ?

ಉತ್ತರ 2ನ್ನು ಬರೆದವರು
ರಭಸವಿಲ್ಲದ ನಲ್ಲಿಗೆ ಬೇಡ, ಅಲ್ಲಿ ಹರಿವು ಈಗಾಗಲೇ ಕಡಿಮೆ ಇದೆ. ಅಡುಗೆಮನೆಯ ಸಿಂಕಿನಲ್ಲಿ ರಭಸ ಸಾಕಷ್ಟಿದ್ದರೆ ಅಲ್ಲಿ ಒಂದನ್ನು ಹಾಕಿ ನೋಡಿ. ಬೋರ್‌ವೆಲ್ಲಿನ ಗಡಸು ನೀರಿನಿಂದ ಅದರ ಜಾಲರಿಗೆ ಬಿಳಿ ಪದರ ಕಟ್ಟುತ್ತದೆ. ಬಿಚ್ಚಿ, ರಾತ್ರಿಯೆಲ್ಲ ನಿಂಬೆರಸದಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಮತ್ತೆ ಸರಾಗವಾಗುತ್ತದೆ.