ಫಿಲಿಪ್ಪೀನ್ಸ್ ಗೆಳೆಯರ ಮನೆಯೂಟ, ಹೊರಗಿನ ಊಟ: ಹಂದಿ, ದನದ ಮಾಂಸ ತಿನ್ನದವರಿಗೆ ಏನೇನು ಸಿಗುತ್ತದೆ?

ಪ್ರಶ್ನೆ (ಮಕಾಟಿಗೆ ಬಂದವನು):
ನಮಸ್ಕಾರ. ನಾನು ಕೆಲಸದ ನಿಮಿತ್ತ ಮನಿಲಾ ಮಹಾನಗರದ ಮಕಾಟಿಯಲ್ಲಿ ನೆಲೆಸಿದ್ದೇನೆ. ಇಲ್ಲಿ ಸಂಬಳ ತಿಂಗಳಿಗೆ ಎರಡು ಬಾರಿ ಬರುವುದರಿಂದ, 15ನೆಯ ತಾರೀಖಿಗೂ ತಿಂಗಳ ಕೊನೆಗೂ ಕಚೇರಿಯ ಗೆಳೆಯರು ತಪ್ಪದೆ ಹೊರಗಿನ ಊಟಕ್ಕೆ ಕರೆಯುತ್ತಾರೆ. ಈಗ ಅವರಲ್ಲೊಬ್ಬರು ಭಾನುವಾರ ಮನೆಗೇ ಕರೆದಿದ್ದಾರೆ. ಅವರ ತಾಯಿಯೇ ಅಡುಗೆ ಮಾಡುತ್ತಾರಂತೆ. ನಾನು ಕೋಳಿ, ಮೀನು, ಸಿಗಡಿ ತಿನ್ನುತ್ತೇನೆ. ಹಂದಿ ಮತ್ತು ದನದ ಮಾಂಸ ಮುಟ್ಟುವುದಿಲ್ಲ. ಆ ತಾಯಿಗೆ ಬೇಸರವಾಗದಂತೆ ಇದನ್ನು ಹೇಗೆ ತಿಳಿಸಲಿ? ಏನು ಕೊಂಡೊಯ್ಯಲಿ? ಹೊರಗೆ ತಿಂದಾಗ ಬಿಲ್ಲಿನ ಪದ್ಧತಿ ಏನು?

ಉತ್ತರ (ಕೆಸೊನ್ ಸಿಟಿ ಗೃಹಿಣಿ):
ಅಡುಗೆಯ ಸಾಮಾನು ತರುವ ಮೊದಲೇ ಗೆಳೆಯರ ಮೂಲಕ ಹೇಳಿಸಿಬಿಡಿ, ಅಷ್ಟು ಸಾಕು. ಹಂದಿಮಾಂಸ ತಿನ್ನದ ಮುಸ್ಲಿಮರು ಈ ದೇಶದವರೇ ಆಗಿರುವುದರಿಂದ ಇದು ಯಾರಿಗೂ ವಿಚಿತ್ರವೆನಿಸದು. ಜೊತೆಗೆ ಒಂದು ಅಡುಗೆಯ ಹೆಸರನ್ನೂ ಹೇಳಿದರೆ ಅವರಿಗೆ ಅನುಕೂಲ. ನಾನಾದರೆ ಸಿಗಡಿಯ ಸಿನಿಗಾಂಗ್ ಕೇಳುತ್ತೇನೆ. ಹುಣಸೆಯ ಹುಳಿಯಲ್ಲಿ ಟೊಮೆಟೊ, ಮೂಲಂಗಿ, ಬೆಂಡೆ, ಬದನೆ, ಅಲಸಂದೆಕಾಯಿ ಬೇಯಿಸಿ, ಇಳಿಸುವ ಮುನ್ನ ಕಾಂಗ್‌ಕೋಂಗ್ ಸೊಪ್ಪು ಹಾಕುವ ತಿಳಿಸಾರು ಅದು. ಬೇಳೆಯಿಲ್ಲ, ಒಗ್ಗರಣೆಯಿಲ್ಲ, ಸಾರಿನ ಪುಡಿಯಂತೂ ಇಲ್ಲವೇ ಇಲ್ಲ. ಆದರೂ ಬಿಸಿ ಅನ್ನಕ್ಕೆ ಕಲಸಿಕೊಂಡರೆ ನಮ್ಮವರ ನಾಲಿಗೆ ಮೊದಲ ತುತ್ತಿಗೇ ಒಪ್ಪುತ್ತದೆ. ಈಗ ಬಹಳ ಮನೆಗಳಲ್ಲಿ ಹುಣಸೆಯ ಬದಲು ಪ್ಯಾಕೆಟ್ ಪುಡಿ ಬಂದಿದೆ. ಆದರೆ ಹಳೆಯ ಕೈಯವರು ಹುಣಸೆಯನ್ನೇ ಬೇಯಿಸಿ ಕಿವುಚುತ್ತಾರೆ, ಕೆಲವರು ಬಿಂಬುಳಿಯನ್ನೋ ಸೀಬೆಯನ್ನೋ ಹಾಕುತ್ತಾರೆ. ಕರಾವಳಿಯವರು ಹೂಮೀನು ಎನ್ನುವ ಮೀನು ಇಲ್ಲಿ ಬಾಂಗುಸ್. ಅದರ ಸಿನಿಗಾಂಗ್ ಕೂಡ ಚೆನ್ನ, ಮುಳ್ಳು ಮಾತ್ರ ಅತಿ.

ಎರಡನೆಯದು ಕೋಳಿಯ ಅಡೋಬೊ. ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಕಾಳುಮೆಣಸು, ಪಲಾವ್ ಎಲೆ ಇಷ್ಟರಲ್ಲೇ ಮುಗಿಯುವ ಈ ಅಡುಗೆ ಮನೆಯಿಂದ ಮನೆಗೆ ಬದಲಾಗುತ್ತದೆ. ಕೆಲವರು ಸೋಯಾ ಬಿಟ್ಟು ಬೆಳ್ಳಗೆ ಮಾಡಿದರೆ, ಕೆಲವರು ತೆಂಗಿನ ಹಾಲು ಸೇರಿಸುತ್ತಾರೆ. ವಿನೆಗರ್ ಇರುವುದರಿಂದ ಬೇಗ ಕೆಡುವುದಿಲ್ಲ, ಮರುದಿನ ರುಚಿ ಇನ್ನೂ ಏರುತ್ತದೆ. ಕಡಲೆಕಾಯಿ ಗೊಜ್ಜಿನಂತೆ ಕಾಣುವ ಕಾರೆ-ಕಾರೆಯನ್ನು ಮಾತ್ರ ಕೇಳದೆ ಬಡಿಸಿಕೊಳ್ಳಬೇಡಿ, ಅದು ಸಾಮಾನ್ಯವಾಗಿ ದನದ ಬಾಲದ ಅಡುಗೆ.

ಖಾರ ಕಡಿಮೆಯೆಂದು ಮುಖ ಸಪ್ಪಗೆ ಮಾಡಬೇಕಿಲ್ಲ. ಇಲ್ಲಿನ ಊಟದಲ್ಲಿ ಅಡುಗೆಯವರು ಅರ್ಧ ರುಚಿ ಮಾಡಿಟ್ಟರೆ, ಉಳಿದರ್ಧವನ್ನು ತಿನ್ನುವವರು ತಮ್ಮ ಪುಟ್ಟ ಬಟ್ಟಲಲ್ಲಿ ಕೂಡಿಸಿಕೊಳ್ಳುತ್ತಾರೆ. ಕಲಮಾನ್ಸಿ ಎಂಬ ಪುಟ್ಟ ನಿಂಬೆ ಹಿಂಡಿ, ಸೋಯಾ ಸಾಸನ್ನೋ ಪಾತಿಸ್ ಎಂಬ ಮೀನಿನ ರಸವನ್ನೋ ಬೆರೆಸಿ, ಸೂಜಿಮೆಣಸು ಜಜ್ಜಿಕೊಂಡರೆ ಅದೇ ನಿಮ್ಮ ಸಾವ್‌ಸಾವನ್. ನಮ್ಮಲ್ಲಿ ಉಪ್ಪು ಹಾಕಿಸಿಕೊಂಡರೂ ಅಡುಗೆಯವರ ಮುಖ ಸಣ್ಣದಾಗುವುದುಂಟು. ಇಲ್ಲಿ ಹಾಗಲ್ಲ, ಬಟ್ಟಲು ಖಾಲಿ ಬಿಟ್ಟವರನ್ನೇ ವಿಚಾರಿಸುತ್ತಾರೆ.

ಕೊಂಡೊಯ್ಯಲು ಹಣ್ಣು ಸಾಕು. ನಿಮಗೆ ಅಡುಗೆ ಬರುವುದಾದರೆ ಚಿತ್ರಾನ್ನವನ್ನೂ ಒಯ್ಯಬಹುದು. ಗೆಳೆಯರ ತಂದೆ-ತಾಯಿಯನ್ನು ತೀತೊ, ತೀತಾ ಎನ್ನಿ, ನಮ್ಮಲ್ಲಿ ಅಂಕಲ್, ಆಂಟಿ ಎಂದಂತೆ.

ಉತ್ತರ (ದಾವಾವೊ ವೈದ್ಯ ವಿದ್ಯಾರ್ಥಿನಿ):
ಹೊರಗಿನ ಊಟದ ಬಗ್ಗೆ ನಾನು ಹೇಳುತ್ತೇನೆ. ಗಾಜಿನ ಹಿಂದೆ ಪಾತ್ರೆಗಳನ್ನು ಸಾಲಾಗಿಟ್ಟು, ಬೆರಳು ತೋರಿಸಿದ್ದನ್ನು ಬಡಿಸಿಕೊಡುವ ಕಾರಿಂದೇರಿಯಾಗಳೇ ನಮ್ಮಂಥವರಿಗೆ ಆಧಾರ. ಅಲ್ಲಿ ನಮ್ಮವರು ಎಡವುವುದು ತರಕಾರಿಯಲ್ಲಿ. ಹಾಗಲ, ಕುಂಬಳ, ಬದನೆ, ಬೆಂಡೆ ಕಾಣುವ ಪಿನಕ್ಬೆಟ್‌ನಲ್ಲಿ ಸಿಗಡಿಯನ್ನೋ ಮೀನನ್ನೋ ಹುದುಗಿಸಿದ ಬಗೊಓಂಗ್ ಇರುತ್ತದೆ, ಹಂದಿಯ ತುಂಡುಗಳೂ ಇರಬಹುದು. ಹೆಸರುಕಾಳಿನ ಮೊಂಗೊವನ್ನು ಶುಕ್ರವಾರಗಳಲ್ಲಿ ಹೆಚ್ಚಾಗಿ ಮಾಡುತ್ತಾರೆ. ಕೆಥೊಲಿಕರು ಮಾಂಸ ಬಿಡುವ ವಾರವಾದ್ದರಿಂದ ಹುಟ್ಟಿದ ರೂಢಿ ಅದು. ಹಾಗೆಂದು ನಂಬಿ ಕೂರಬೇಡಿ: ಮೇಲೆ ಉದುರಿಸಿದ ಗರಿಗರಿ ಚೂರುಗಳು ಹಂದಿಯ ಚರ್ಮದ್ದಾಗಿರಬಹುದು. ಮೊಟ್ಟೆಯಲ್ಲಿ ಅದ್ದಿ ಕರಿದ ಸುಟ್ಟ ಬದನೆ, ತೊರ್ತಾಂಗ್ ತಲೋಂಗ್, ಬಹುಮಟ್ಟಿಗೆ ನಿರಾತಂಕ. ಮಾಂಸದ ಖೀಮಾ ತುಂಬಿಲ್ಲವೆಂದು ಕೇಳಿಕೊಂಡರಾಯಿತು. ಗೆಳೆಯರ ಗುಂಪಿನಲ್ಲಿದ್ದಾಗ ಕೆಂಡದ ಮೇಲೆ ಸುಟ್ಟ ಚಿಕನ್ ಇನಾಸಲ್ ತರಿಸಿ. ಅದು ಇಲೊಯ್ಲೊ, ಬಕೊಲೊದ್ ಕಡೆಯ ಅಡುಗೆ. ಕೆಲವು ಕಡೆ ಅನ್ನವನ್ನು ಬೇಕಾದಷ್ಟು ಬಡಿಸುತ್ತಾರೆ.

ಬಿಲ್ಲಿನ ವಿಷಯದಲ್ಲಿ, ಯಾರಾದರೂ ಕೆಕೆಬಿ ಎಂದರೆ ಅವರವರ ದುಡ್ಡು ಅವರವರೇ ಕೊಡುವುದೆಂದು ಅರ್ಥ. ಹುಟ್ಟುಹಬ್ಬದ ದಿನ ಮಾತ್ರ ಹುಟ್ಟುಹಬ್ಬದವರೇ ಎಲ್ಲರಿಗೂ ಕೊಡಿಸಬೇಕು. ಆದ್ದರಿಂದ ನಿಮ್ಮ ಹುಟ್ಟಿದ ದಿನವನ್ನು ಕಚೇರಿಯಲ್ಲಿ ಹೇಳುವ ಮುನ್ನ ಜೇಬು ನೋಡಿಕೊಳ್ಳಿ.

ಉತ್ತರ (ಸೆಬುವಿನ ಹಳಬ):
ಚಿತ್ರಾನ್ನದ ಸಲಹೆಯನ್ನು ನಾನು ಒಪ್ಪಲಾರೆ. ಅನ್ನವೆಂದರೆ ಇಲ್ಲಿ ಬಿಳಿಯ ಅನ್ನ, ಅದು ಹೇಗೂ ರಾಶಿಯಾಗಿ ಇರುತ್ತದೆ. ಬೆಳಗಿನ ಬೆಳ್ಳುಳ್ಳಿ ಅನ್ನ ಬಿಟ್ಟರೆ ಒಗ್ಗರಣೆ ಹಾಕಿದ ಅನ್ನವನ್ನು ಊಟದ ನಡುವೆ ಎಲ್ಲಿಡಬೇಕೆಂದು ತೋಚದೆ ಒಂದೊಂದು ಚಮಚ ತಿಂದು ಬಿಡುತ್ತಾರೆ. ಸಿಹಿ ಒಯ್ಯಿರಿ, ಮೈಸೂರು ಪಾಕ್ ಇದ್ದರೆ ಇನ್ನೂ ಒಳ್ಳೆಯದು, ತಟ್ಟೆ ಬೇಗ ಬರಿದಾಗುತ್ತದೆ. ಉಳಿದಂತೆ, ಊಟ ಬಲಗೈಯ ಚಮಚ, ಎಡಗೈಯ ಫೋರ್ಕಿನಲ್ಲಿ ನಡೆಯುತ್ತದೆ. ಬಾಳೆಲೆ ಹಾಸಿ ಅನ್ನ, ಸುಟ್ಟ ಮೀನು, ಸಿಗಡಿಗಳನ್ನು ಉದ್ದಕ್ಕೆ ಸುರಿಯುವ ಕಮಾಯನ್ ಇದ್ದರೆ ಎಲ್ಲರೂ ಕೈಯಲ್ಲೇ ತಿನ್ನುತ್ತಾರೆ, ಆಗ ನಿಮ್ಮ ವೇಗ ನೋಡಿ ಅವರೇ ಬೆರಗಾಗುತ್ತಾರೆ.

ಮಕಾಟಿಗೆ ಬಂದವನು:
ಎಲ್ಲರಿಗೂ ಧನ್ಯವಾದಗಳು. ಸಿಗಡಿಯ ಸಿನಿಗಾಂಗ್ ಎಂದು ಹೇಳಿಸಿದ್ದೇನೆ. ಇನ್ನೊಂದು ಸಂದೇಹ: ಊಟವಾದ ಮೇಲೆ ಉಳಿದ ಅಡುಗೆಯನ್ನು ಕಟ್ಟಿಕೊಡುತ್ತಾರಂತೆ, ಬೇಡವೆನ್ನುವುದು ಮರ್ಯಾದೆಯೇ?

ಕೆಸೊನ್ ಸಿಟಿ ಗೃಹಿಣಿ:
ಬೇಡವೆನ್ನಬೇಡಿ. ಒಂದು ಸಲ ಸಂಕೋಚ ತೋರಿಸಿ ತೆಗೆದುಕೊಳ್ಳಿ. ಡಬ್ಬಿಯಲ್ಲಿ ಕೊಟ್ಟಿದ್ದರೆ ಸೋಮವಾರ ತೊಳೆದು ಗೆಳೆಯರ ಕೈಯಲ್ಲಿ ಕಳುಹಿಸಿ. ನಿಮ್ಮ ಮೈಸೂರು ಪಾಕ್ ಉಳಿದಿದ್ದರೆ ಡಬ್ಬಿಯೊಳಗೆ ಅದನ್ನೇ ಇಡಿ.