ಒಂದೂವರೆ ಲಕ್ಷದಲ್ಲಿ ಡಿಸೈನಿಗೂ ಗೇಮಿಗೂ ಒಂದೇ ಪಿಸಿ: ಯಾವ ಪಾರ್ಟ್ಸ್ ತಗೊಳ್ಳಲಿ?

ಕೇಳಿದವರು, ಹುಬ್ಬಳ್ಳಿ ವಿದ್ಯಾನಗರ

ಮದುವೆ ಕಾರ್ಡು, ಬ್ಯಾನರು, ಅಂಗಡಿ ಬೋರ್ಡು ಡಿಸೈನ್ ಮಾಡಿಕೊಡುತ್ತೇನೆ. ಫೋಟೋಶಾಪ್, ಕೋರೆಲ್‌ಡ್ರಾ ದಿನಾ ಬೇಕು. 3ಡಿ ಚಿತ್ರ ಮಾಡುವ ಬ್ಲೆಂಡರ್ ಕಲಿಯುತ್ತಿದ್ದೇನೆ. ರಾತ್ರಿ ಗೆಳೆಯರ ಜೊತೆ ವ್ಯಾಲರಂಟ್ ಆಡುತ್ತೇನೆ. ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಿದೆ. ಮಾನಿಟರ್ ಸೇರಿ ಒಂದೂವರೆ ಲಕ್ಷ ಹೊಂದಿಸಿದ್ದೇನೆ. ಒಂದು ಅಂಗಡಿಯಲ್ಲಿ ರೆಡಿ ಗೇಮಿಂಗ್ ಪಿಸಿ ತೋರಿಸಿದರು. ಗಾಜಿನ ಕ್ಯಾಬಿನೆಟ್, ಬಣ್ಣದ ಲೈಟು, ನೋಡಲು ಚೆನ್ನಾಗಿದೆ. ಅದನ್ನೇ ತಗೊಳ್ಳಲಾ, ಒಂದೊಂದೇ ಭಾಗ ಆರಿಸಿ ಜೋಡಿಸಲಾ?

ಧಾರವಾಡದಿಂದ, ಬ್ಯಾನರ್ ಕೆಲಸದವನು

ಆರಿಸಿಯೇ ಜೋಡಿಸಿ. ಅಂಗಡಿ ಚೀಟಿಯಲ್ಲಿ 'ಐ7, 16 ಜಿಬಿ, 600 ವ್ಯಾಟ್' ಅಂತಷ್ಟೇ ಇದ್ದರೆ ಏನೂ ತಿಳಿಯುವುದಿಲ್ಲ. ಐ7 ಪ್ರೊಸೆಸರ್ ಎಷ್ಟನೇ ಜನರೇಷನ್ನಿನದು? ರ‍್ಯಾಮ್ ಒಂದು ಸ್ಟಿಕ್ಕೋ ಎರಡೋ? ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಯಾವ ಕಂಪನಿ, ಯಾವ ಮಾಡೆಲ್? ಈ ಮೂರು ಕೇಳಿ. ನೇರ ಉತ್ತರ ಬರದಿದ್ದರೆ ಎದ್ದು ಬನ್ನಿ.

ನಮ್ಮ ಕೆಲಸದಲ್ಲಿ ಮೊದಲು ಉಸಿರುಗಟ್ಟುವುದು ರ‍್ಯಾಮ್. ಲೆಕ್ಕ ಹಾಕಿ ನೋಡಿ. 10 ಅಡಿಗೆ 20 ಅಡಿ ಬ್ಯಾನರ್, ಇಂಚಿಗೆ 72 ಪಿಕ್ಸೆಲ್. ಒಂದು ಕಡೆ 8,640, ಇನ್ನೊಂದು ಕಡೆ 17,280. ಒಟ್ಟು ಹತ್ತಿರ ಹತ್ತಿರ 15 ಕೋಟಿ ಪಿಕ್ಸೆಲ್. ಮುದ್ರಣದ ನಾಲ್ಕು ಮಸಿಯ ಲೆಕ್ಕವಾದ ಸಿಎಂವೈಕೆಯಲ್ಲಿ ಒಂದೊಂದಕ್ಕೆ 4 ಬೈಟ್. ಪೂರ್ತಿ ತುಂಬಿದ ಒಂದೇ ಲೇಯರಿಗೆ 600 ಎಂಬಿ ಆಯಿತು. ಹಿನ್ನೆಲೆ, ನೆರಳು, ಹೊಳಪು ಅಂತ ಅಂಥ ಐದಾರು ಲೇಯರ್, ಮೇಲೆ ಅಂಡೂ ಹಿಸ್ಟರಿ, ಪಕ್ಕದಲ್ಲಿ ಕೋರೆಲ್ ಬೇರೆ ತೆರೆದಿರುತ್ತದೆ. 16 ಜಿಬಿ ಎಲ್ಲಿ ಸಾಲುತ್ತದೆ? 32 ಹಾಕಿಸಿ. 16ರ ಎರಡು ಸ್ಟಿಕ್ ಒಟ್ಟಿಗೇ ಕೊಳ್ಳಿ. ಒಂದೇ ಸ್ಟಿಕ್ ಇದ್ದರೆ ಅರ್ಧ ದಾರಿ ಮುಚ್ಚಿದ ಹಾಗೆ. ಎರಡಿದ್ದ ಮೇಲೆ ಮತ್ತೆರಡು ಸೇರಿಸಿದರೆ ಈಗಿನ ಡಿಡಿಆರ್5 ಬಗೆಯ ಮೆಮೊರಿಯ ಮದರ್‌ಬೋರ್ಡುಗಳಲ್ಲಿ ವೇಗ ಇಳಿಸಬೇಕಾಗುವುದೇ ಜಾಸ್ತಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಗೊತ್ತು. ಆದರೂ ಇಲ್ಲಿ ಉಳಿಸಬೇಡಿ. ಲೈಟಿನಲ್ಲಿ ಉಳಿಸಿ.

ಪ್ರೊಸೆಸರಿಗೆ ನನ್ನ ಆಯ್ಕೆ ಎಎಂಡಿಯ ರೈಜನ್ 5 7600. ಆರು ಕೋರ್, 65 ವ್ಯಾಟ್, ಡಬ್ಬದಲ್ಲೇ ಕೂಲರ್ ಬರುತ್ತದೆ. ಫೋಟೋಶಾಪ್, ಕೋರೆಲ್ಲಿನ ಬಹುಪಾಲು ಕೆಲಸ ಒಂದೆರಡು ಕೋರಿನ ಮೇಲೇ ನಡೆಯುತ್ತದೆ. ಹಾಗಾಗಿ ಕೋರುಗಳ ಎಣಿಕೆಗಿಂತ ಒಂದೊಂದು ಕೋರಿನ ವೇಗ ಮುಖ್ಯ. ಇದು ಕೂರುವ ಎಎಂ5 ಸಾಕೆಟ್ಟನ್ನು ಕನಿಷ್ಠ 2027ರವರೆಗೆ ಮುಂದುವರಿಸುತ್ತೇವೆ ಅಂತ ಎಎಂಡಿ ಹೇಳಿದೆ. ನಾಳೆ ಬೋರ್ಡು ಇಟ್ಟುಕೊಂಡೇ ಪ್ರೊಸೆಸರ್ ಬದಲಿಸಬಹುದು.

ಇನ್ನೊಂದು ಮಾತು. 7600ರೊಳಗೆ ಸಣ್ಣ ಗ್ರಾಫಿಕ್ಸ್ ಇದೆ. ಸ್ವಲ್ಪ ಕಡಿಮೆ ಬೆಲೆಗೆ ಸಿಗುವ 7500ಎಫ್‌ನಲ್ಲಿ ಇಲ್ಲ. ಎರಡು ವರ್ಷದ ಹಿಂದೆ ನನ್ನ ಗ್ರಾಫಿಕ್ಸ್ ಕಾರ್ಡ್ ಕೆಟ್ಟು ವಾರಂಟಿಗೆ ಹೋಯಿತು. ಇಪ್ಪತ್ತಾರು ದಿನ ಬರಲಿಲ್ಲ. ಅದೂ ಮದುವೆ ಸೀಸನ್. ಆಗಿನ ಪ್ರೊಸೆಸರ್ ಎಫ್ ಮಾಡೆಲ್, ಪರದೆ ಮೇಲೆ ಏನೂ ಬಾರದು. ಗೆಳೆಯನ ಅಂಗಡಿಯಲ್ಲಿ ರಾತ್ರಿ ಕೂತು ಕೆಲಸ ಮುಗಿಸಿದೆ. ದುಡಿಮೆಗೆ ಇಡುವ ಪಿಸಿಯಲ್ಲಿ ಆ ಸಣ್ಣ ಗ್ರಾಫಿಕ್ಸ್ ಇರಲೇಬೇಕು.

ಹುಬ್ಬಳ್ಳಿ ಉಣಕಲ್‌ನಿಂದ

ಬ್ಲೆಂಡರ್ ಬಗ್ಗೆ ನಾನು ಹೇಳುತ್ತೇನೆ. ಎನ್‌ವಿಡಿಯಾ ಕಾರ್ಡನ್ನೇ ತಗೊಳ್ಳಿ. ಬ್ಲೆಂಡರಿನಲ್ಲಿ ಕೊನೆಯ ಚಿತ್ರ ಬಿಡಿಸುವ (ರೆಂಡರ್) ಸೈಕಲ್ಸ್ ಭಾಗಕ್ಕೆ ಆ ಕಾರ್ಡಿನ ಆಪ್ಟಿಕ್ಸ್ ತಂತ್ರ ತುಂಬಾ ನೆರವಾಗುತ್ತದೆ. ಎಎಂಡಿ ಕಾರ್ಡಿನಲ್ಲೂ ರೆಂಡರ್ ಆಗುತ್ತದೆ, ಆದರೆ ಹಿಂದೆ ಬೀಳುತ್ತದೆ.

ಕಾರ್ಡಿನ ಹೆಸರಿಗಿಂತ ಅದರ ಮೆಮೊರಿ ನೋಡಿ. ನಮ್ಮೂರಿನ ಚಂದ್ರಮೌಳೇಶ್ವರ ಗುಡಿಯನ್ನು ಮಾಡೆಲ್ ಮಾಡಲು ಹೊರಟಿದ್ದೆ. ಎಷ್ಟೊಂದು ಕಂಬ, ಎಷ್ಟೊಂದು ಕೆತ್ತನೆ! ಮಾಡೆಲ್ಲಿನ ಮೇಲ್ಮೈಗೆ ಹೊದಿಸುವ ಒಂದು 4ಕೆ ಚಿತ್ರ (ಟೆಕ್ಸ್ಚರ್) ಮೆಮೊರಿಯಲ್ಲಿ ಸುಮಾರು 64 ಎಂಬಿ ಹಿಡಿಯುತ್ತದೆ. ಒಂದು ಕಲ್ಲಿಗೆ ಬಣ್ಣ, ಒರಟುತನ, ಉಬ್ಬುತಗ್ಗು ಅಂತ ಮೂರು ನಾಲ್ಕು ಬೇಕು. ನನ್ನ 8 ಜಿಬಿ ಕಾರ್ಡ್ ಅರ್ಧ ಗುಡಿಗೇ ತುಂಬಿತು, ರೆಂಡರ್ ನಿಂತೇ ಹೋಯಿತು. ಹಣ ಹೊಂದಿದರೆ ಆರ್‌ಟಿಎಕ್ಸ್ 5060 ಟಿಐ, 16 ಜಿಬಿಯದ್ದು. ಅದೇ ಹೆಸರಲ್ಲಿ 8 ಜಿಬಿಯದ್ದೂ ಇದೆ, ಬಿಲ್ಲಿನಲ್ಲಿ ನೋಡಿಯೇ ಹಣ ಕೊಡಿ. ಹೊಂದದಿದ್ದರೆ ಹಳೆಯ 3060, 12 ಜಿಬಿ. ವ್ಯಾಲರಂಟಿನ ಚಿಂತೆ ಬಿಡಿ. ಈ ಯಾವ ಕಾರ್ಡಿನಲ್ಲೂ ಆರಾಮಾಗಿ ಓಡುತ್ತದೆ.

ಗದಗದಿಂದ, ಪ್ರೆಸ್ಸಿನವನು

ಎಲ್ಲರೂ ಡಬ್ಬದೊಳಗಿನದ್ದನ್ನೇ ಹೇಳಿದರು. ನೀವು ಇಡೀ ದಿನ ನೋಡುವುದು ಮಾನಿಟರ್ ಅಲ್ವಾ? ಬಣ್ಣ ಚೆನ್ನಾಗಿ ತೋರಿಸುವ ಐಪಿಎಸ್ ಪ್ಯಾನೆಲ್, ಪರದೆಗಳ ಮಾಮೂಲಿ ಬಣ್ಣದ ಅಳತೆಯಾದ ಎಸ್‌ಆರ್‌ಜಿಬಿ ಪೂರ್ತಿ ತೋರಿಸುವಂಥದ್ದು ತಗೊಳ್ಳಿ. 27 ಇಂಚು, 1440ಪಿ ರೆಸಲ್ಯೂಷನ್ ಇದ್ದರೆ ಛಲೋ. ಈಗ ಇಂಥವು 144 ಹರ್ಟ್ಜ್‌ಗೂ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ವೇಗ) ಮೇಲೆ ಸಿಗುತ್ತವೆ, ಗೇಮಿಗೂ ಆಯಿತು.

ನಮ್ಮಲ್ಲಿಗೆ ವಾರಕ್ಕೊಬ್ಬರಾದರೂ ಬಂದು 'ಪರದೆ ಮೇಲೆ ಕುಂಕುಮದ ಕೆಂಪು ಇತ್ತು, ಕಾರ್ಡಿನಲ್ಲಿ ಇಟ್ಟಿಗೆ ಕೆಂಪಾಗಿದೆ' ಅನ್ನುತ್ತಾರೆ. ಪರದೆ ಬೆಳಕಿನಿಂದ ಬಣ್ಣ ಕಟ್ಟುತ್ತದೆ, ನಾವು ಮಸಿಯಿಂದ ಕಟ್ಟುತ್ತೇವೆ. ಪೂರ್ತಿ ಒಂದೇ ಆಗುವುದಿಲ್ಲ. ಆದರೆ ಒಳ್ಳೆಯ ಪ್ಯಾನೆಲ್ ಇದ್ದು, ಬ್ರೈಟ್‌ನೆಸ್ ಇಳಿಸಿಟ್ಟು, ಫೈಲನ್ನು ಸಿಎಂವೈಕೆಯಲ್ಲಿ ನೋಡಿ ಕಳಿಸಿದರೆ ಈ ಜಗಳ ಮುಕ್ಕಾಲು ಪಾಲು ತಪ್ಪುತ್ತದೆ.

ಹಾವೇರಿಯಿಂದ

ಕರೆಂಟಿನ ಮಾತು ಯಾರೂ ಎತ್ತಲಿಲ್ಲ. ರೋಹಿಣಿ ಮಳೆಗೂ ಮುಂಚಿನ ಗುಡುಗಿನ ಸಂಜೆ, ಮೂರು ಸಲ ಕರೆಂಟ್ ಹೋಗಿ ಬಂತು. ನನ್ನ ಹೆಸರಿಲ್ಲದ ಎಸ್‌ಎಂಪಿಎಸ್ ಸುಟ್ಟಿತು. ಸುಮ್ನೆ ಸುಡಲಿಲ್ಲ, ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. 650 ವ್ಯಾಟ್, 80 ಪ್ಲಸ್ ಬ್ರಾಂಜ್ ಅಥವಾ ಗೋಲ್ಡ್ (ಕರೆಂಟ್ ಕಡಿಮೆ ಪೋಲು ಮಾಡುವ ದರ್ಜೆ), ಹೆಸರಿರುವ ಕಂಪನಿಯದ್ದು ಹಾಕಿಸಿ. ಯುಪಿಎಸ್ ಕೊಳ್ಳುವಾಗ ವಿಎ ನೋಡಿ ಮೋಸ ಹೋಗಬೇಡಿ. 600 ವಿಎ ಅಂದರೆ ಸಾಮಾನ್ಯವಾಗಿ ಸಿಗುವುದು 360 ವ್ಯಾಟ್. ನಿಮಗೆ 1000 ವಿಎ ಬೇಕು. ಹಣ ಕೊಡುವ ಮುಂಚೆ ಮನೆಯ ಅರ್ಥಿಂಗ್ ಒಮ್ಮೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕ್ಯಾಬಿನೆಟ್ಟಿಗೆ ಮುಂದೆ ಗಾಜು ಬೇಡ, ಜಾಲರಿ ಇರಲಿ. ಹುಬ್ಬಳ್ಳಿ ಧೂಳಿಗೆ ತೆಗೆದು ತೊಳೆಯುವ ಫಿಲ್ಟರ್ ಬೇಕೇ ಬೇಕು.

ಕೇಳಿದವರು

ಎಲ್ಲರಿಗೂ ಶರಣು. ರೆಡಿ ಪಿಸಿ ಬಿಟ್ಟೆ. 7600, 32 ಜಿಬಿ, 650 ವ್ಯಾಟ್, 1000 ವಿಎ, ಗದಗದವರು ಹೇಳಿದಂಥ ಮಾನಿಟರ್. ರ‍್ಯಾಮಿಗೇ ಬಹಳ ಹೋಯಿತು, ಹಾಗಾಗಿ ಸದ್ಯಕ್ಕೆ 3060. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಯೋಚನೆ ಇತ್ತು. ಕೆಟ್ಟರೆ ಮತ್ತೆ ರೈಲು ಹತ್ತಬೇಕಲ್ಲ ಅಂತ ಇಲ್ಲೇ ಜಿಎಸ್‌ಟಿ ಬಿಲ್ ಹಾಕಿಸಿ ತಂದೆ. ಭಾನುವಾರ ಮನೆಯಲ್ಲೇ ಜೋಡಿಸುತ್ತೇನೆ.

ಧಾರವಾಡದಿಂದ, ಬ್ಯಾನರ್ ಕೆಲಸದವನು

ಛಲೋ ಆಯಿತು. ಪ್ರೊಸೆಸರ್ ಕೂರಿಸುವಾಗ ಸಾಕೆಟ್ ಪಿನ್ ಮುಟ್ಟಬೇಡಿ, ಬಾಗಿದರೆ ಬೋರ್ಡೇ ಹೋಯಿತು. ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಕಾರ್ಡಿಗೆ ಹಾಕಿ. ಬಯೋಸಿನಲ್ಲಿ (ಬೋರ್ಡಿನ ಸೆಟ್ಟಿಂಗ್ ಪುಟ) ಎಕ್ಸ್‌ಪೋ ಅನ್ನುವ ಮೆಮೊರಿ ವೇಗದ ಆಯ್ಕೆ ಆನ್ ಮಾಡಿ, ಇಲ್ಲದಿದ್ದರೆ ಕೊಟ್ಟ ದುಡ್ಡಿನ ರ‍್ಯಾಮ್ ವೇಗ ಸಿಗುವುದಿಲ್ಲ. ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಗೇ ಇರುತ್ತದೆ. ಎಎಂ5 ಬೋರ್ಡು ರ‍್ಯಾಮನ್ನು ಪರೀಕ್ಷೆ ಮಾಡಿ ಹೊಂದಿಸಿಕೊಳ್ಳುವ ಹೊತ್ತು ಅದು. ಹೆದರಿ ಸ್ವಿಚ್ ಆಫ್ ಮಾಡಬೇಡಿ. ಒಂದು ಚಹಾ ಕುಡಿದು ಬನ್ನಿ.