ಗ್ರೇಡಿಂಗ್ ಸಂಸ್ಥೆಗಳು ಪ್ರಕಟಿಸುವ ಮೈಲಿಗಲ್ಲುಗಳಿಗೆ ಸಂಗ್ರಾಹಕರು ಎಷ್ಟು ಬೆಲೆ ಕೊಡಬೇಕು?

ಪ್ರಶ್ನೆ: ರಜತಮುದ್ರೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರ್‌ಗಳನ್ನು ನಾನು ನಾಲ್ಕು ವರ್ಷಗಳಿಂದ ಸಂಗ್ರಹಿಸುತ್ತಿದ್ದೇನೆ. ಇದುವರೆಗೆ ಕೊಂಡವುಗಳಲ್ಲಿ ಹೆಚ್ಚಿನವು ಬಿಡಿ ನಾಣ್ಯಗಳು. ಸ್ಲ್ಯಾಬ್‌ನಲ್ಲಿ, ಅಂದರೆ ಗ್ರೇಡಿಂಗ್ ಸಂಸ್ಥೆಯು (ನಾಣ್ಯವನ್ನು ಪರೀಕ್ಷಿಸಿ ಅದರ ಸ್ಥಿತಿಗೆ ದರ್ಜೆ ಕೊಡುವ ಸಂಸ್ಥೆ) ಮೊಹರು ಮಾಡಿದ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇರುವವು ನನ್ನ ಬಳಿ ಮೂರೇ. ಈಗ ಮಾರಾಟಗಾರರೊಬ್ಬರು ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ 1881ರ ಡಾಲರೊಂದನ್ನು ತೋರಿಸಿದ್ದಾರೆ. ದರ್ಜೆ ಎಂಎಸ್ 65, ಅಂದರೆ ಬಳಕೆಗೆ ಹೋಗದ (ಮಿಂಟ್ ಸ್ಟೇಟ್) ನಾಣ್ಯಗಳಿಗೆ 60ರಿಂದ 70ರವರೆಗೆ ಕೊಡುವ ಅಂಕಗಳಲ್ಲಿ 65. ಅದೇ ವರ್ಷದ, ಅದೇ ಟಂಕಸಾಲೆಯ, ಅದೇ ದರ್ಜೆಯ ಬೇರೆ ನಾಣ್ಯಗಳಿಗಿಂತ ಇದಕ್ಕೆ ಅವರು ಗಣನೀಯವಾಗಿ ಹೆಚ್ಚು ಬೆಲೆ ಹೇಳುತ್ತಿದ್ದಾರೆ. ಇದರೊಳಗಿರುವುದು ಸಂಸ್ಥೆಯ ವಾರ್ಷಿಕೋತ್ಸವಕ್ಕೆಂದು ಮುದ್ರಿಸಿದ ವಿಶೇಷ ಲೇಬಲ್ ಎಂಬುದು ಅವರು ಕೊಡುವ ಕಾರಣ. ಜೊತೆಗೆ, ಇಷ್ಟು ಕೋಟಿ ನಾಣ್ಯಗಳನ್ನು ಪರಿಶೀಲಿಸಿರುವ ಸಂಸ್ಥೆ ತಪ್ಪು ಮಾಡುವುದಿಲ್ಲ ಎಂದೂ ಹೇಳಿದರು.

ನನ್ನ ಸಂದೇಹಗಳು ಎರಡು. ಇಂತಿಷ್ಟು ಕೋಟಿ ನಾಣ್ಯಗಳಿಗೆ ದರ್ಜೆ ಕೊಟ್ಟೆವು, ಇಂತಿಷ್ಟು ವರ್ಷ ಪೂರೈಸಿದೆವು ಎಂದು ಈ ಸಂಸ್ಥೆಗಳು ಆಗಾಗ ಪ್ರಕಟಿಸುತ್ತವಲ್ಲ, ಆ ಸಂಖ್ಯೆಯಿಂದ ನನ್ನ ಕೈಯಲ್ಲಿರುವ ಒಂದು ನಾಣ್ಯದ ದರ್ಜೆಯ ಬಗ್ಗೆ ಏನಾದರೂ ತಿಳಿಯುತ್ತದೆಯೇ? ಎರಡನೆಯದಾಗಿ, ಲೇಬಲ್‌ಗೆಂದು ಹೆಚ್ಚು ಹಣ ಕೊಡುವುದು ಸರಿಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಅಚ್ಚುಮೊಳೆ

ಪ್ರಶ್ನೆಯನ್ನು ಹಣ ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಕೋಟಿಗಳ ಲೆಕ್ಕ ಏನನ್ನು ಎಣಿಸುತ್ತದೆ ಎಂಬುದನ್ನು ಮೊದಲು ನೋಡೋಣ, ಏಕೆಂದರೆ ಗೊಂದಲ ಹುಟ್ಟುವುದೇ ಅಲ್ಲಿ.

ಸಂಸ್ಥೆಯ ಲೆಕ್ಕಕ್ಕೆ ಸೇರುವುದು ಒಂದೊಂದು ಸಲ ದರ್ಜೆ ಕೊಟ್ಟ ಕೆಲಸ. ಬೇರೆ ಬೇರೆ ನಾಣ್ಯಗಳ ಸಂಖ್ಯೆ ಅದಕ್ಕಿಂತ ಕಡಿಮೆಯೇ ಇರುತ್ತದೆ. ಎಂಎಸ್ 64 ಬಂದ ನಾಣ್ಯಕ್ಕೆ 65 ಸಿಗಬೇಕಿತ್ತೆಂದು ನಂಬಿದ ಮಾಲೀಕರು ಸ್ಲ್ಯಾಬ್ ಒಡೆದು ಅದೇ ನಾಣ್ಯವನ್ನು ಮತ್ತೆ ಕಳುಹಿಸುತ್ತಾರೆ. ಎರಡು ದರ್ಜೆಗಳ ನಡುವೆ ಬೆಲೆಯ ಅಂತರ ದೊಡ್ಡದಿದ್ದಾಗ ಹೀಗೆ ಮೂರು ನಾಲ್ಕು ಸಲ ಕಳುಹಿಸುವವರೂ ಇದ್ದಾರೆ. ಒಡೆದ ಸ್ಲ್ಯಾಬ್‌ನ ಹಳೆಯ ಲೇಬಲ್ಲನ್ನು ಸಂಸ್ಥೆಗೆ ಹಿಂದಿರುಗಿಸಿದರೆ ಹಳೆಯ ನಮೂದನ್ನು ತೆಗೆಯುತ್ತಾರೆ; ಆದರೆ ಬಹಳ ಜನ ಹಿಂದಿರುಗಿಸುವುದಿಲ್ಲ. ಹಾಗಾಗಿ ಯಾವ ದರ್ಜೆಯಲ್ಲಿ ಎಷ್ಟು ನಾಣ್ಯಗಳಿವೆ ಎಂದು ಸಂಸ್ಥೆ ಪ್ರಕಟಿಸುವ ಪಟ್ಟಿಯಾದ ಪಾಪ್ಯುಲೇಷನ್ ರಿಪೋರ್ಟ್‌ನಲ್ಲಿ ಒಂದೇ ನಾಣ್ಯ ಎರಡು ಮೂರು ಕಡೆ ಉಳಿದುಬಿಡುತ್ತದೆ. ಒಂದು ಸಂಸ್ಥೆಯ ಸ್ಲ್ಯಾಬ್‌ನಿಂದ ಇನ್ನೊಂದರದ್ದಕ್ಕೆ ಹೋದ ನಾಣ್ಯ ಇಬ್ಬರ ಲೆಕ್ಕದಲ್ಲಿಯೂ ಇರಬಹುದು.

ಇನ್ನೊಂದು ಸಂಗತಿ, ಆ ಕೋಟಿಗಳ ಒಳಗೆ ಏನಿದೆ ಎಂಬುದು. ಅಮೆರಿಕದ ಟಂಕಸಾಲೆಯು 1986ರಿಂದ ಹೊರಡಿಸುತ್ತಿರುವ ಸಿಲ್ವರ್ ಈಗಲ್‌ನಂತಹ ಹೊಸ ನಾಣ್ಯಗಳನ್ನು ದೊಡ್ಡ ವ್ಯಾಪಾರಿಗಳು ಪೆಟ್ಟಿಗೆಗಟ್ಟಲೆ ಗ್ರೇಡಿಂಗ್‌ಗೆ ಕಳುಹಿಸುತ್ತಾರೆ. ಬಳಕೆಗೆ ಹೋಗದೆ ಟಂಕಸಾಲೆಯಿಂದ ನೇರವಾಗಿ ಬಂದ ಅವುಗಳ ನಡುವೆ ಎಂಎಸ್ 69 ಮತ್ತು 70ರ ವ್ಯತ್ಯಾಸವನ್ನು ಗುರುತಿಸುವುದೂ ಕೆಲಸವೇ, ಅಲ್ಲವೆನ್ನುವುದಿಲ್ಲ. ಆದರೆ ನೂರು ವರ್ಷ ದಾಟಿದ ಬೆಳ್ಳಿ ಡಾಲರಿನಲ್ಲಿ ಲಿಬರ್ಟಿ ದೇವತೆಯ ಮುಖದ ಕೆನ್ನೆಯ ಮೇಲಿನ ಗೀರು ಚೀಲದಲ್ಲಿ ಇತರ ನಾಣ್ಯಗಳ ಒರಸಾಟದಿಂದ ಬಂದದ್ದೇ, ಯಾರೋ ಬಟ್ಟೆಯಿಂದ ಉಜ್ಜಿ ಸ್ವಚ್ಛಗೊಳಿಸಿದ್ದರಿಂದ ಬಂದದ್ದೇ ಎಂದು ತೀರ್ಮಾನಿಸುವುದು ಬೇರೆಯೇ ಬಗೆಯ ಕೆಲಸ. ಮೈಲಿಗಲ್ಲಿನ ಪ್ರಕಟಣೆಯಲ್ಲಿ ಈ ಎರಡೂ ಒಂದೇ ಸಂಖ್ಯೆಯೊಳಗೆ ಕೂಡಿಹೋಗುತ್ತವೆ.

ನೀವು ನೋಡಿರುವ ನಾಣ್ಯದ ಬಗ್ಗೆ ಒಂದು ಮಾತು. 1881ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಚ್ಚಾದದ್ದು 1,27,60,000 ಡಾಲರ್‌ಗಳು. ಅಚ್ಚಿನ ಮೊನಚು, ಹೊಳಪು ಎರಡರಲ್ಲಿಯೂ ಆ ವರ್ಷದ ನಾಣ್ಯಗಳು ಹೆಸರಾದವು. ಅಸಂಖ್ಯ ನಾಣ್ಯಗಳು ಬಳಕೆಗೇ ಹೋಗದೆ ಖಜಾನೆಯ ಚೀಲಗಳಲ್ಲಿ ದಶಕಗಳ ಕಾಲ ಉಳಿದವು. ಆದ್ದರಿಂದ ಎಂಎಸ್ 65ರಲ್ಲಿ ಅತ್ಯಂತ ಸುಲಭವಾಗಿ ಸಿಗುವ ಮಾರ್ಗನ್ ಡಾಲರ್‌ಗಳಲ್ಲಿ ಇದೂ ಒಂದು. ಅವಸರಪಡುವ ಅಗತ್ಯ ನಿಮಗೆ ಖಂಡಿತ ಇಲ್ಲ.

ಉತ್ತರ: ಎರಡನೇ ಮುಖ

ಲೇಬಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ. ನಾನು ಸಂಗ್ರಹ ಆರಂಭಿಸಿದ ಹೊಸದರಲ್ಲಿ ಇಂತಹುದೇ ಒಂದು ಸ್ಮರಣಾರ್ಥ ಲೇಬಲ್ಲಿನ ನಾಣ್ಯವನ್ನು ಹೆಚ್ಚು ಹಣ ಕೊಟ್ಟು ಕೊಂಡಿದ್ದೆ. ಐದು ವರ್ಷಗಳ ನಂತರ ಮಾರಲು ಹೋದಾಗ ನಾಲ್ವರು ವ್ಯಾಪಾರಿಗಳು ನಾಣ್ಯದ ವರ್ಷ, ಟಂಕಸಾಲೆಯ ಗುರುತು ಮತ್ತು ದರ್ಜೆಯನ್ನು ನೋಡಿ ಬೆಲೆ ಹೇಳಿದರೇ ಹೊರತು ಲೇಬಲ್ಲಿಗೆ ಏನನ್ನೂ ಸೇರಿಸಲಿಲ್ಲ. ಅದು ನನಗೆ ನೋವಿನ ಪಾಠವಾಗಿತ್ತು. ನಿಮಗೆ ಅದು ಬೇಡ ಎಂದೇ ಬರೆಯುತ್ತಿದ್ದೇನೆ.

ನಾಣ್ಯ ಹೊರಬಂದ ಮೊದಲ ಕೆಲವು ವಾರಗಳಲ್ಲಿ ಸಂಸ್ಥೆಯ ಕೈಸೇರಿತು ಎಂದು ಸೂಚಿಸುವ ‘ಫಸ್ಟ್ ಸ್ಟ್ರೈಕ್’, ‘ಅರ್ಲಿ ರಿಲೀಸಸ್’ ಲೇಬಲ್‌ಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಅವು ನಾಣ್ಯ ತಲುಪಿದ ದಿನಾಂಕವನ್ನು ಹೇಳುತ್ತವೆ. ಹೊಸ ಅಚ್ಚಿನಿಂದ ಮೊದಲು ಹೊಡೆದ ನಾಣ್ಯ ಇದೇ ಎಂಬುದಕ್ಕೆ ಅವು ಪುರಾವೆಯಲ್ಲ.

ಉತ್ತರ: ಹಳೆಯ ಕಡತ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಪ್ರಚಾರದ ಮಾತುಗಳಿಗೂ ಗ್ರೇಡಿಂಗ್‌ನ ಸ್ವರೂಪಕ್ಕೂ ಇರುವ ನಂಟನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡುವುದು ಉಪಯುಕ್ತ.

ನಾವು ಇಂದು ಬಳಸುವ 1ರಿಂದ 70ರವರೆಗಿನ ಅಳತೆಯನ್ನು 1949ರಲ್ಲಿ ವಿಲಿಯಂ ಶೆಲ್ಡನ್ ರೂಪಿಸಿದರು. ಅದು ಅಮೆರಿಕದ ಆರಂಭಕಾಲದ ದೊಡ್ಡ ತಾಮ್ರದ ಸೆಂಟ್‌ಗಳಿಗೆಂದು ಮಾಡಿದ್ದು. ಕೆಳಮಟ್ಟದ ಸ್ಥಿತಿಯಲ್ಲಿ 1 ಡಾಲರ್ ಬೆಲೆಬಾಳುವ ಸೆಂಟ್ ಪರಿಪೂರ್ಣ ಸ್ಥಿತಿಯಲ್ಲಿ ಅದರ 70 ಪಟ್ಟು ಬಾಳುತ್ತದೆ ಎಂಬುದು ಅದರ ಮೂಲ ತರ್ಕ. ಅಂದರೆ ಹುಟ್ಟಿನಲ್ಲಿ ಅದು ಬೆಲೆಯ ಸೂತ್ರವಾಗಿತ್ತು. ಬೆಲೆಗಳ ಆ ಅನುಪಾತ ಬೇಗನೆ ಕೆಟ್ಟುಹೋಯಿತು, ಅಂಕಿಗಳು ಮಾತ್ರ ಉಳಿದು ಎಲ್ಲ ನಾಣ್ಯಗಳಿಗೂ ಹರಡಿದವು. ಅಮೆರಿಕದ ನಾಣ್ಯಶಾಸ್ತ್ರ ಸಂಘದ ಅನಾಕ್ಸ್ ಸೇವೆಯು 1972ರಲ್ಲಿ ನಾಣ್ಯ ಅಸಲಿಯೇ ನಕಲಿಯೇ ಎಂದು ಹೇಳಲು ಆರಂಭವಾಗಿ, 1979ರಿಂದ ದರ್ಜೆಯನ್ನೂ ಕೊಡತೊಡಗಿತು. ಆಗ ಕೊಡುತ್ತಿದ್ದದ್ದು ಫೋಟೊ ಅಂಟಿಸಿದ ಪ್ರಮಾಣಪತ್ರ. ನಾಣ್ಯವನ್ನೇ ಪ್ಲಾಸ್ಟಿಕ್ಕಿನಲ್ಲಿ ಮೊಹರು ಮಾಡಿ, ಖಾತರಿಯೊಂದಿಗೆ ಕೊಡುವ ಪದ್ಧತಿ ವ್ಯಾಪಾರವಾಗಿ ಬೆಳೆದದ್ದು 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಗ್ರೇಡಿಂಗ್ ಸಂಸ್ಥೆಗಳು ಬಂದ ಮೇಲೆ.

ಆ ಮೊದಲ ವರ್ಷಗಳ ಪ್ರಚಾರದ ಧಾಟಿ ಬಹಳ ಗಟ್ಟಿಯಾಗಿತ್ತು. ನಾಣ್ಯವನ್ನು ಇನ್ನು ಕಣ್ಣಿಂದ ನೋಡಬೇಕಿಲ್ಲ, ಷೇರಿನಂತೆ ಕೊಂಡು ಮಾರಬಹುದು ಎಂಬ ಭಾವನೆ ಹೂಡಿಕೆದಾರರಲ್ಲಿ ಬೇರೂರಿತು. 1990ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್ ಪಿಸಿಜಿಎಸ್ ಮೇಲೆ ಮೊಕದ್ದಮೆ ಹೂಡಿತು. ಗ್ರೇಡಿಂಗ್ ವಸ್ತುನಿಷ್ಠವಾದದ್ದು ಎಂಬಂತಹ ಜಾಹೀರಾತಿನ ಮಾತುಗಳು ಉತ್ಪ್ರೇಕ್ಷೆ ಎಂಬುದು ಆಯೋಗದ ಆಕ್ಷೇಪ. ಸಂಸ್ಥೆಯು ತಪ್ಪನ್ನು ಒಪ್ಪಿಕೊಳ್ಳದೆಯೇ ರಾಜಿಗೆ ಬಂದು, ಜಾಹೀರಾತುಗಳಲ್ಲಿ ಎಚ್ಚರಿಕೆಯ ಒಕ್ಕಣೆಯನ್ನು ಸೇರಿಸಲು ಸಮ್ಮತಿಸಿತು. ಅದೇ 1990ರಲ್ಲಿ ಕಂಪ್ಯೂಟರ್‌ನಿಂದಲೇ ದರ್ಜೆ ಕೊಡುವ ವ್ಯವಸ್ಥೆಯೊಂದನ್ನು ಆ ಸಂಸ್ಥೆ ದೊಡ್ಡ ಸುದ್ದಿಯಾಗಿ ಪರಿಚಯಿಸಿತ್ತು. ಅದು ಬಳಕೆಯಲ್ಲಿ ನಿಲ್ಲಲಿಲ್ಲ. ಇಂದಿಗೂ ದರ್ಜೆಯೆಂದರೆ ಒಬ್ಬರಿಗಿಂತ ಹೆಚ್ಚು ನುರಿತ ಪರೀಕ್ಷಕರು ಬೇರೆ ಬೇರೆಯಾಗಿ ನೋಡಿ ಹೇಳುವ ಅಭಿಪ್ರಾಯ. ಬಹಳ ಒಳ್ಳೆಯ, ತರಬೇತಾದ ಅಭಿಪ್ರಾಯ ಎಂದು ನಾನು ಗೌರವದಿಂದಲೇ ಹೇಳುತ್ತೇನೆ.

ಇದಕ್ಕೆ ಮಾರುಕಟ್ಟೆಯೇ ಸಾಕ್ಷಿ. ಎನ್‌ಜಿಸಿ ಸ್ಥಾಪಿಸಿದ ಜಾನ್ ಅಲ್ಬನೀಸ್ ಅವರೇ 2007ರಲ್ಲಿ ಸಿಎಸಿ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅದರ ಕೆಲಸ, ಆಗಲೇ ಸ್ಲ್ಯಾಬ್ ಆಗಿರುವ ನಾಣ್ಯವನ್ನು ಮತ್ತೆ ಪರಿಶೀಲಿಸಿ, ತನ್ನ ದರ್ಜೆಗೆ ಅದು ನಿಜವಾಗಿಯೂ ತಕ್ಕದ್ದಾಗಿದ್ದರೆ ಹಸಿರು ಚೀಟಿ ಅಂಟಿಸುವುದು. ಇನ್ನೂ ಮೇಲಿನ ದರ್ಜೆಗೆ ಯೋಗ್ಯವಾಗಿದ್ದರೆ ಚಿನ್ನದ ಬಣ್ಣದ ಚೀಟಿ. ಎರಡು ಎಂಎಸ್ 65 ನಾಣ್ಯಗಳು ಸಮಾನವಾಗಿದ್ದಿದ್ದರೆ ಇಂತಹ ಸೇವೆಗೆ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಗಿರಾಕಿಗಳು ಸಿಗುತ್ತಿರಲಿಲ್ಲ. ಎರಡೂ ದೊಡ್ಡ ಸಂಸ್ಥೆಗಳು 2010ರಲ್ಲಿ ದರ್ಜೆಯ ಮುಂದೆ ‘ಪ್ಲಸ್’ ಗುರುತು ಸೇರಿಸಲು ತೊಡಗಿದ್ದೂ ಒಂದೇ ಅಂಕಿಯೊಳಗಿನ ಅಂತರವನ್ನು ಒಪ್ಪಿಕೊಂಡಂತೆಯೇ.

ದಾಖಲೆ ಬೆಲೆಗಳ ಪ್ರಕಟಣೆಗಳನ್ನೂ ಇದೇ ಬೆಳಕಿನಲ್ಲಿ ಓದಬೇಕು. 2013ರ ಜನವರಿಯಲ್ಲಿ 1794ರ ಬೆಳ್ಳಿ ಡಾಲರೊಂದು 1,00,16,875 ಡಾಲರಿಗೆ ಹರಾಜಾಯಿತು. ಅದು ಪಿಸಿಜಿಎಸ್ ಸ್ಲ್ಯಾಬ್‌ನಲ್ಲಿತ್ತು, ದರ್ಜೆ ಎಸ್‌ಪಿ 66 (ಎಸ್‌ಪಿ ಎಂದರೆ ಸ್ಪೆಸಿಮೆನ್, ವಿಶೇಷ ಎಚ್ಚರದಿಂದ ಅಚ್ಚು ಹಾಕಿದ ನಾಣ್ಯ). ಅಮೆರಿಕ ಅಚ್ಚು ಹಾಕಿದ ಮೊಟ್ಟಮೊದಲ ಬೆಳ್ಳಿ ಡಾಲರ್ ಅದೇ ಇರಬಹುದು ಎಂಬ ನಂಬಿಕೆ ಆ ಬೆಲೆಯ ಹಿಂದಿತ್ತು. ಅಂತಹ ಮಾರಾಟವನ್ನು ಸಂಸ್ಥೆಯೊಂದು ತನ್ನ ಮೈಲಿಗಲ್ಲಾಗಿ ಹೇಳಿಕೊಳ್ಳುವುದು ಸಹಜ. ಆದರೆ ಅದೇ ಸಂಸ್ಥೆಯ ಸ್ಲ್ಯಾಬ್‌ನಲ್ಲಿರುವ 1881ರ ಡಾಲರಿಗೆ ಅದರಿಂದ ಏನೂ ಬರುವುದಿಲ್ಲ.

ಉತ್ತರ: ತೂಕದ ತಕ್ಕಡಿ

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ದೊಡ್ಡ ಸಂಖ್ಯೆಗೆ ಅರ್ಥವೇ ಇಲ್ಲ ಎಂದು ಹೊಸಬರು ಭಾವಿಸಬಾರದು. ಹೆಚ್ಚು ನಾಣ್ಯಗಳು ಬರುವ ಸಂಸ್ಥೆಯ ಪರೀಕ್ಷಕರು, ಬೇರೆಯವರು ಜೀವಮಾನದಲ್ಲಿ ಒಮ್ಮೆಯೂ ಕಾಣದ ಪ್ರಭೇದಗಳನ್ನು ಕೈಯಲ್ಲಿ ಹಿಡಿದು ನೋಡಿರುತ್ತಾರೆ. ಹೊಸ ನಕಲಿ ನಾಣ್ಯಗಳು ಮಾರುಕಟ್ಟೆಗೆ ಬಂದಾಗ ಮೊದಲು ಅವರ ಮೇಜನ್ನು ತಲುಪುತ್ತವೆ. ಒಂದೇ ಅಚ್ಚಿನ ದೋಷ ಹಲವು ನಾಣ್ಯಗಳಲ್ಲಿ ಮರುಕಳಿಸಿದ್ದನ್ನು ಹೋಲಿಸಿ ನೋಡಿ ನಕಲಿಯನ್ನು ಪತ್ತೆಹಚ್ಚಲು ಹಳೆಯ ಫೋಟೊಗಳ ಭಂಡಾರವೇ ಬೇಕು. ಖಾತರಿಯೂ ಅಷ್ಟೇ: ದರ್ಜೆ ತಪ್ಪಿದ್ದು ಸಾಬೀತಾದಾಗ ನಷ್ಟ ತುಂಬಿಕೊಡಲು ಸಂಸ್ಥೆಗೆ ಆರ್ಥಿಕ ಬಲವಿರಬೇಕು. ಹೀಗಾಗಿ ಯಾರೂ ಹೆಸರು ಕೇಳದ ಸಂಸ್ಥೆಯ ಸ್ಲ್ಯಾಬ್‌ಗಿಂತ ದೊಡ್ಡ ಸಂಸ್ಥೆಯ ಸ್ಲ್ಯಾಬ್ ಕೊಳ್ಳುವುದು ಹೊಸಬರಿಗೆ ಕ್ಷೇಮ ಎಂದೇ ನನ್ನ ಸಲಹೆ. ಖಾತರಿಯ ಷರತ್ತುಗಳನ್ನು ಮಾತ್ರ ಪೂರ್ತಿ ಓದಿಕೊಳ್ಳಿ. ತಾಮ್ರದ ನಾಣ್ಯದ ಕೆಂಪು ಬಣ್ಣ ಕಾಲಕ್ರಮೇಣ ಮಾಸಿದರೆ ಸಿಗುವ ಖಾತರಿಗೆ, ಉದಾಹರಣೆಗೆ, ಮಿತಿಗಳಿವೆ.

ಲೇಬಲ್ಲಿನ ಮೇಲಿನ ಪ್ರಮಾಣಪತ್ರದ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹುಡುಕಿ ನೋಡಿ. ಸಂಖ್ಯೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ, ಏಕೆಂದರೆ ನಕಲಿ ಸ್ಲ್ಯಾಬ್ ಮಾಡುವವರು ಅಸಲಿ ಸಂಖ್ಯೆಯನ್ನೇ ಕದ್ದು ಮುದ್ರಿಸುತ್ತಾರೆ. ಅಲ್ಲಿ ಫೋಟೊ ಇದ್ದರೆ ಗೀರುಗಳು, ಕಲೆಗಳು ನಿಮ್ಮ ಮುಂದಿರುವ ನಾಣ್ಯದಲ್ಲಿ ಅದೇ ಸ್ಥಾನದಲ್ಲಿವೆಯೇ ಎಂದು ಹೋಲಿಸಿ.

ಪ್ರಶ್ನಿಸಿದವರಿಂದ: ರಜತಮುದ್ರೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಆ ನಾಣ್ಯವನ್ನು ಮತ್ತೊಮ್ಮೆ ನೋಡಿದೆ. ಪ್ರಮಾಣಪತ್ರದ ಸಂಖ್ಯೆ ಸರಿಯಿದೆ, ಫೋಟೊದೊಂದಿಗೆ ಗುರುತುಗಳು ಹೊಂದುತ್ತವೆ. ಆದರೆ ಭೂತಗನ್ನಡಿಯಲ್ಲಿ ನೋಡಿದಾಗ ಲಿಬರ್ಟಿಯ ಕೆನ್ನೆಯ ಮಧ್ಯದಲ್ಲಿಯೇ ಎರಡು ಗೀರುಗಳು ಕಂಡವು. ಅದೇ ಮಾರಾಟಗಾರರ ಬಳಿ ಸಾಧಾರಣ ಲೇಬಲ್ಲಿನಲ್ಲಿದ್ದ ಇನ್ನೊಂದು ಎಂಎಸ್ 65ರ ಕೆನ್ನೆ ಬಹುಮಟ್ಟಿಗೆ ಶುಭ್ರವಾಗಿತ್ತು, ಬೆಳಕಿನಲ್ಲಿ ತಿರುಗಿಸಿದರೆ ಹೊಳಪು ಚಕ್ರದ ಅರಗಳಂತೆ ಸುತ್ತುತ್ತಿತ್ತು. ಎರಡನೆಯದನ್ನೇ ಕೊಳ್ಳುವುದೆಂದು ನಿರ್ಧರಿಸಿದ್ದೇನೆ, ಬೆಲೆಯೂ ಕಡಿಮೆ.

ಒಂದೇ ಸಂದೇಹ ಉಳಿದಿದೆ. ಸಂಸ್ಥೆಗಳ ಮೊದಲ ವರ್ಷಗಳ ಹಳೆಯ ಸ್ಲ್ಯಾಬ್‌ಗಳಿಗೂ ಜನ ಹೆಚ್ಚು ಹಣ ಕೊಡುತ್ತಾರೆ ಎಂದು ಕೇಳಿದ್ದೇನೆ. ಅದೂ ಲೇಬಲ್ಲಿನ ಮೋಹವೇ?

ಉತ್ತರ: ಅಚ್ಚುಮೊಳೆ

ಭಾಗಶಃ ಮಾತ್ರ. ಅಲುಗಿಸಿದರೆ ಒಳಗೆ ನಾಣ್ಯ ಸದ್ದು ಮಾಡುವುದರಿಂದ ‘ರ‍್ಯಾಟ್ಲರ್’ ಎಂದು ಹೆಸರಾದ ಪಿಸಿಜಿಎಸ್‌ನ ಆರಂಭದ ಸ್ಲ್ಯಾಬ್‌ಗಳನ್ನು ಹುಡುಕುವವರಲ್ಲಿ ಎರಡು ಬಗೆಯವರಿದ್ದಾರೆ. ಕೆಲವರಿಗೆ ಆ ಪೆಟ್ಟಿಗೆಯೇ ಸಂಗ್ರಹದ ವಸ್ತು, ಏಕೆಂದರೆ ಅದು ಈಗ ತಯಾರಾಗುವುದಿಲ್ಲ ಮತ್ತು ಒಡೆದಷ್ಟೂ ಕಡಿಮೆಯಾಗುತ್ತದೆ. ಇನ್ನು ಕೆಲವರು, ಆಗಿನ ಪರೀಕ್ಷಕರು ಇಂದಿನವರಿಗಿಂತ ಬಿಗಿಯಾಗಿ ದರ್ಜೆ ಕೊಡುತ್ತಿದ್ದರು, ಅಂದಿನ 64 ಇಂದು 65 ಆಗಬಹುದು ಎಂಬ ನಿರೀಕ್ಷೆಯಿಂದ ಕೊಳ್ಳುತ್ತಾರೆ. ಆ ನಿರೀಕ್ಷೆ ಕೆಲವು ನಾಣ್ಯಗಳಲ್ಲಿ ನಿಜವಾಗಿದೆ. ಆದರೆ ಮೇಲೇರಬಹುದಾದ ನಾಣ್ಯಗಳನ್ನು ಚುರುಕಾದ ವ್ಯಾಪಾರಿಗಳು ಆರಿಸಿ ಒಡೆಯುತ್ತ ಬಂದು ಮೂರು ದಶಕಗಳೇ ಕಳೆದಿರುವುದರಿಂದ, ಇನ್ನೂ ಹಳೆಯ ಸ್ಲ್ಯಾಬ್‌ನಲ್ಲಿ ಉಳಿದಿರುವುದು ಏಕೆ ಉಳಿದಿದೆ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕಾಗುತ್ತದೆ. ಅಲ್ಲಿಯೂ ಭೂತಗನ್ನಡಿ ಹಿಡಿದು ಕೆನ್ನೆಯನ್ನೇ ಮೊದಲು ನೋಡಿ.